ಮನೆಯ ರೆಕಾರ್ಡಿಂಗ್ ಕಂಪ್ಯೂಟರ್: ಕಡತಗಳಿವೆ, ಹೆಸರುಗಳೆಲ್ಲಿ?

ಪ್ರಶ್ನೆ (ಕಲಬುರಗಿಯ ಸದಸ್ಯರು):

ಶರಣು ಸರ್. ನಮ್ಮ ಪಡಸಾಲೆಯ ಟಿವಿಗೆ ಜೋಡಿಸಿದ ಹಳೆಯ ಕಂಪ್ಯೂಟರಿನಲ್ಲಿ ಉಬುಂಟು (ವಿಂಡೋಸಿನಂತಹ ಕಾರ್ಯಾಚರಣಾ ವ್ಯವಸ್ಥೆ) ಮತ್ತು ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಮಿಥ್‌ಟಿವಿ ತಂತ್ರಾಂಶ ಹಾಕಿಕೊಂಡು, ಡಿಡಿ ಫ್ರೀ ಡಿಶ್‌ನ ಛತ್ರಿಯಿಂದ ಬರುವ ಚಂದನ ವಾಹಿನಿಯ ಕಾರ್ಯಕ್ರಮಗಳನ್ನು ಆಯಿಗಾಗಿ ರೆಕಾರ್ಡ್ ಮಾಡುತ್ತ ಬಂದಿದ್ದೇವೆ. ಈಗ ಸುಮಾರು 600 ಗಂಟೆಗಳಷ್ಟು ಸಂಗ್ರಹವಾಗಿದೆ. ಉಬುಂಟು ಇರುವ 128 ಜಿಬಿ ಎಸ್‌ಎಸ್‌ಡಿ (ಚಿಪ್ ಬಗೆಯ ಡಿಸ್ಕ್) ಈ ಬೇಸಿಗೆಯಲ್ಲಿ ದಿನಕ್ಕೆ ಎರಡು ಸಲ ಹ್ಯಾಂಗ್ ಆಗುತ್ತಿದೆ. ರೆಕಾರ್ಡಿಂಗ್‌ಗಳಿರುವ 2 ಟಿಬಿ ಡಿಸ್ಕ್ ಸದ್ಯಕ್ಕೆ ಸರಿಯಾಗಿದೆ. ರೆಕಾರ್ಡಿಂಗ್‌ಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಲು ಹೋದರೆ ದೊಡ್ಡ ಕಡತ ಬಂದಾಗಲೆಲ್ಲ ಕೆಲಸ ನಿಂತುಬಿಡುತ್ತದೆ. ಕಾಪಿಯಾದವುಗಳ ಹೆಸರುಗಳೂ ಬರೀ ಅಂಕಿಗಳು. ಇಷ್ಟನ್ನು ಉಳಿಸಿಕೊಂಡರೆ ಸಾಕೇ?

ಉತ್ತರ (ಕಂಪ್ಯೂಟರ್ ದುರಸ್ತಿ ಅಂಗಡಿಯವರು, ಕಲಬುರಗಿ):

ಶರಣು. ಸಾಲದು. ನೀವು ಉಳಿಸುತ್ತಿರುವುದು ಗಟ್ಟಿಯಾಗಿರುವ ಡಿಸ್ಕನ್ನು. ಹೋಗುವ ದಾರಿಯಲ್ಲಿರುವುದು ಎಸ್‌ಎಸ್‌ಡಿ. ಯಾವ ಕಡತದಲ್ಲಿ ಯಾವ ಕಾರ್ಯಕ್ರಮವಿದೆ ಎಂಬ ಲೆಕ್ಕವೆಲ್ಲ ಇರುವುದು ಆ ಎಸ್‌ಎಸ್‌ಡಿಯೊಳಗೆ.

ನಿಮ್ಮ ಒಂದು ಕಡತದ ಹೆಸರು 1007_20240310013000 ಎಂದಿದೆ ಎಂದುಕೊಳ್ಳಿ. ಮೊದಲ ನಾಲ್ಕು ಅಂಕಿಗಳು ವಾಹಿನಿಗೆ ಮಿಥ್‌ಟಿವಿ ಕೊಟ್ಟುಕೊಂಡ ಸಂಖ್ಯೆ, ಉಳಿದದ್ದು 2024ರ ಮಾರ್ಚ್ 10ರ 1 ಗಂಟೆ 30 ನಿಮಿಷ. ಮಧ್ಯರಾತ್ರಿ ಕಳೆದು ಒಂದೂವರೆಗೆ ಆಯಿ ಏನು ನೋಡಿದರು ಎಂದು ಗಾಬರಿಯಾಗಬೇಡಿ. ಅದು ಗ್ರೀನಿಚ್ ಸಮಯ, ಐದೂವರೆ ಗಂಟೆ ಕೂಡಿಸಿದರೆ ನಮ್ಮ ಬೆಳಗಿನ ಏಳು ಗಂಟೆಯಾಗುತ್ತದೆ. ಕಡತದ ಹೆಸರಿನಿಂದ ತಿಳಿಯುವುದು ಇಷ್ಟೇ. ಕಾರ್ಯಕ್ರಮದ ಶೀರ್ಷಿಕೆ, ವಿವರ, ಎಲ್ಲಿಯವರೆಗೆ ನೋಡಲಾಗಿದೆ ಎಂಬ ಗುರುತು, ಮುಂದೆ ಏನೇನು ರೆಕಾರ್ಡ್ ಆಗಬೇಕು ಎಂಬ ನಿಯಮಗಳು, ವಾಹಿನಿಗಳ ಪಟ್ಟಿ, ಇವೆಲ್ಲವೂ ‘ಮಿಥ್‌ಕನ್ವರ್ಗ್’ ಎಂಬ ಡೇಟಾಬೇಸಿನಲ್ಲಿರುತ್ತವೆ. ಅದು ಹೋದರೆ 600 ಗಂಟೆಗಳ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿ ಹೆಸರಿಡುವ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ಆದ್ದರಿಂದ ಇಂದೇ, ಎಸ್‌ಎಸ್‌ಡಿ ಇನ್ನೂ ಏಳುತ್ತಿರುವಾಗಲೇ, ಮಿಥ್‌ಟಿವಿಯ ಜೊತೆಯಲ್ಲೇ ಬರುವ ಡೇಟಾಬೇಸ್ ಬ್ಯಾಕಪ್ ಸ್ಕ್ರಿಪ್ಟನ್ನು (ಸಿದ್ಧ ಆದೇಶಗಳ ಸಣ್ಣ ಪ್ರೋಗ್ರಾಂ) ಓಡಿಸಿ. ಅದು ಇಡೀ ಡೇಟಾಬೇಸನ್ನು ಒತ್ತಿ ಒಂದೇ ಕಡತವಾಗಿ ಕೊಡುತ್ತದೆ, ಪೆನ್‌ಡ್ರೈವಿನ ಒಂದು ಮೂಲೆಗೆ ಅದು ಸಾಕಾಗುತ್ತದೆ. ಬ್ಯಾಕಪ್‌ಗಾಗಿ ಬೇರೆ ಜಾಗ ತೋರಿಸದಿದ್ದರೆ ಆ ಕಡತ ರೆಕಾರ್ಡಿಂಗ್‌ಗಳ ಪಕ್ಕದಲ್ಲಿಯೇ ಹೋಗಿ ಕೂರುತ್ತದೆ. ಹಾಗಾಗಿ ಅದನ್ನು ಹುಡುಕಿ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಳ್ಳುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಡೇಟಾಬೇಸಿನ ಪಾಸ್‌ವರ್ಡ್ ಇರುವ ಸಣ್ಣ ಕಾನ್ಫಿಗ್ ಕಡತವನ್ನೂ ಅದರೊಂದಿಗೆ ಇಟ್ಟುಕೊಳ್ಳಿ.

ಕಾಪಿ ನಿಲ್ಲುವುದಕ್ಕೆ ಬೇರೆ ಕಾರಣವಿದೆ. ನಿಮ್ಮ ಎಕ್ಸ್‌ಟರ್ನಲ್ ಡಿಸ್ಕ್ ಬಹುಶಃ ಫ್ಯಾಟ್32 ಎಂಬ ಹಳೆಯ ಬಗೆಯಲ್ಲಿ ಫಾರ್ಮ್ಯಾಟ್ ಆದದ್ದು. ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸದು. ಸೆಕೆಂಡಿಗೆ 4 ಮೆಗಾಬಿಟ್ ವೇಗದ ವಾಹಿನಿಯಾದರೆ ಗಂಟೆಗೆ 1.8 ಜಿಬಿ ಆಗುತ್ತದೆ, ಮೂರು ಗಂಟೆಯ ಕಾರ್ಯಕ್ರಮ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಡಿಸ್ಕನ್ನು ಖಾಲಿ ಮಾಡಿಕೊಂಡು ಎಕ್ಸ್ಟ್4 ಬಗೆಗೆ ಫಾರ್ಮ್ಯಾಟ್ ಮಾಡಿ. ವಿಂಡೋಸಿನಲ್ಲಿಯೂ ತೆರೆಯಬೇಕೆಂದರೆ ಎಕ್ಸ್‌ಫ್ಯಾಟ್ ಆದೀತು, ಆದರೆ ಕಡತದ ಮಾಲೀಕರು ಯಾರೆಂಬ ಮಾಹಿತಿಯನ್ನು ಅದು ಉಳಿಸಿಕೊಳ್ಳುವುದಿಲ್ಲ. ನಿಮ್ಮದು ಒಟ್ಟು 1,080 ಜಿಬಿಯ ಸುಮಾರಿಗೆ ಬರುತ್ತದೆ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ ಮೂರು ಗಂಟೆ ಬೇಕು, ಹಳೆಯ ಯುಎಸ್‌ಬಿ 2 ಆದರೆ ರಾತ್ರಿಯಿಡೀ ಬಿಟ್ಟು ಮಲಗಿ.

ಹೊಸ ಎಸ್‌ಎಸ್‌ಡಿಗೆ ಈಗಿರುವ ಆವೃತ್ತಿಯ ಅಥವಾ ಅದಕ್ಕಿಂತ ಹೊಸ ಮಿಥ್‌ಟಿವಿಯನ್ನೇ ಹಾಕಿ. ಹೊಸದು ಹಳೆಯ ಡೇಟಾಬೇಸನ್ನು ತನಗೆ ತಕ್ಕಂತೆ ಮಾರ್ಪಡಿಸಿಕೊಳ್ಳುತ್ತದೆ, ಹಳೆಯದಕ್ಕೆ ಹೊಸ ಡೇಟಾಬೇಸ್ ಒಗ್ಗುವುದಿಲ್ಲ. ಬ್ಯಾಕ್‌ಎಂಡನ್ನು, ಅಂದರೆ ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡುವ ಮಿಥ್‌ಟಿವಿಯ ಭಾಗವನ್ನು, ನಿಲ್ಲಿಸಿ, ಡೇಟಾಬೇಸ್ ಖಾಲಿಯಿದೆಯೇ ಎಂದು ನೋಡಿಕೊಂಡು, ಆಮೇಲೆ ರಿಸ್ಟೋರ್ ಸ್ಕ್ರಿಪ್ಟನ್ನು ಓಡಿಸಬೇಕು.

ಇನ್ನೊಂದು ಮಾತು. 2 ಟಿಬಿ ಡಿಸ್ಕನ್ನು ಮೌಂಟ್ ಮಾಡುವುದಕ್ಕೆ (ಒಂದು ಫೋಲ್ಡರಿಗೆ ಜೋಡಿಸುವುದಕ್ಕೆ) ಮೊದಲೇ ಬ್ಯಾಕ್‌ಎಂಡ್ ಎದ್ದರೆ, ಅದೇ ಹೆಸರಿನ ಖಾಲಿ ಫೋಲ್ಡರಿನೊಳಗೆ ಹೊಸ ರೆಕಾರ್ಡಿಂಗ್ ತುಂಬಿ ಎಸ್‌ಎಸ್‌ಡಿ ಉಸಿರುಗಟ್ಟುತ್ತದೆ. ಒಂದು ಮನೆಯಲ್ಲಿ ಇದನ್ನು ಪತ್ತೆ ಮಾಡಲು ನನಗೆ ಅರ್ಧ ದಿನ ಹಿಡಿದಿತ್ತು.

ಬೀದರಿನ ಸದಸ್ಯರು:

ಸರ್, ನಮ್ಮಲ್ಲಿರುವುದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಲಿಬ್ರೆಎಲೆಕ್ ವ್ಯವಸ್ಥೆ ಮತ್ತು ಸಿನಿಮಾ ತೋರಿಸುವ ಕೋಡಿ ತಂತ್ರಾಂಶ. ರೆಕಾರ್ಡಿಂಗ್ ಇಲ್ಲ, ಪೆನ್‌ಡ್ರೈವಿನ ಸಿನಿಮಾಗಳಷ್ಟೆ. ನಮಗೂ ಇಷ್ಟೆಲ್ಲ ಬೇಕೇ?

ಉತ್ತರ:

ಬೇಡ. ಲಿಬ್ರೆಎಲೆಕ್‌ನ ಸೆಟ್ಟಿಂಗ್ಸ್‌ನಲ್ಲಿಯೇ ಬ್ಯಾಕಪ್ ಗುಂಡಿಯಿದೆ. ಒತ್ತಿದರೆ ಎಲ್ಲ ಸೇರಿ ಒಂದು ಟಾರ್ ಕಡತವಾಗುತ್ತದೆ. ಆದರೆ ಅದು ಅದೇ ಮೆಮೊರಿ ಕಾರ್ಡಿನ ಬ್ಯಾಕಪ್ ಫೋಲ್ಡರಿನಲ್ಲಿರುತ್ತದೆ, ಕಾರ್ಡ್ ಕೆಟ್ಟರೆ ಎರಡೂ ಹೋಗುತ್ತವೆ. ನೆಟ್‌ವರ್ಕ್ ಮೂಲಕ ಲ್ಯಾಪ್‌ಟಾಪಿಗೆ ಎಳೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದ ಸದಸ್ಯರು (ನಾಲ್ಕು ದಿನಗಳ ನಂತರ):

ಸರ್, ಹೊಸ ಎಸ್‌ಎಸ್‌ಡಿಗೆ ರಿಸ್ಟೋರ್ ಆಯಿತು. ಪಟ್ಟಿಯಲ್ಲಿ ಹೆಸರುಗಳೆಲ್ಲ ಬಂದಿವೆ, ಆದರೆ ಒಂದೂ ತೆರೆಯುತ್ತಿಲ್ಲ. ಡಿಸ್ಕ್ ಮೌಂಟ್ ಆಗಿದೆ, ಕಡತಗಳು ಕಾಣುತ್ತಿವೆ. ಆಯಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಾರೆ.

ಉತ್ತರ:

ಉಬುಂಟು ಹಾಕುವಾಗ ಕಂಪ್ಯೂಟರಿಗೆ ಹೊಸ ಹೆಸರು ಕೊಟ್ಟಿರಾ? ಮಿಥ್‌ಟಿವಿ ಪ್ರತಿಯೊಂದು ರೆಕಾರ್ಡಿಂಗ್ ಮತ್ತು ಹಲವು ಸೆಟ್ಟಿಂಗ್‌ಗಳ ಎದುರಿಗೆ ಕಂಪ್ಯೂಟರಿನ ಹೋಸ್ಟ್ ಹೆಸರನ್ನು ಬರೆದಿಟ್ಟುಕೊಂಡಿರುತ್ತದೆ. ಹೆಸರು ಬದಲಾದರೆ ಆ ಕಡತಗಳು ಬೇರೆ ಕಂಪ್ಯೂಟರಿನಲ್ಲಿವೆ ಎಂದೇ ಅದು ತಿಳಿಯುತ್ತದೆ. ಹಳೆಯ ಹೆಸರಿನ ಜಾಗಕ್ಕೆಲ್ಲ ಹೊಸದನ್ನು ತುಂಬುವ ಆಯ್ಕೆ ರಿಸ್ಟೋರ್ ಸ್ಕ್ರಿಪ್ಟಿನಲ್ಲಿಯೇ ಇದೆ. ಬ್ಯಾಕ್‌ಎಂಡ್ ನಿಲ್ಲಿಸಿ ಅದನ್ನು ಓಡಿಸಿ. ಆಮೇಲೂ ತೆರೆಯದಿದ್ದರೆ ಕಡತಗಳನ್ನು ಓದುವ ಅನುಮತಿ ಮಿಥ್‌ಟಿವಿ ಬಳಕೆದಾರನಿಗೆ ಇದೆಯೇ ಎಂದು ನೋಡಿ.

ಪ್ರಶ್ನೆ ಕೇಳಿದ ಸದಸ್ಯರು:

ಹೆಸರೇ ಸರ್! ಮೊದಲು ‘ಹಾಲ್’ ಎಂದಿತ್ತು, ಈ ಸಲ ತಮ್ಮ ‘ಪಡಸಾಲೆ’ ಎಂದು ಹಾಕಿದ್ದಾನೆ. ಬದಲಿಸಿದ ಕೂಡಲೇ ಎಲ್ಲವೂ ತೆರೆದವು, ಆಯಿ ಅರ್ಧಕ್ಕೆ ನಿಲ್ಲಿಸಿದ್ದ ಕಾರ್ಯಕ್ರಮ ಅಲ್ಲಿಂದಲೇ ಮುಂದುವರಿಯಿತು. ಇನ್ನು ಮುಂದೆ ಎಷ್ಟು ದಿನಕ್ಕೊಮ್ಮೆ ಬ್ಯಾಕಪ್ ತೆಗೆಯಬೇಕು?

ಉತ್ತರ:

ಡೇಟಾಬೇಸನ್ನು ವಾರಕ್ಕೊಮ್ಮೆ ತಾನಾಗಿ ತೆಗೆಯುವಂತೆ ಕ್ರಾನ್‌ನಲ್ಲಿ (ಹೇಳಿದ ಸಮಯಕ್ಕೆ ಕೆಲಸ ನಡೆಸುವ ಉಬುಂಟುವಿನ ಸೌಲಭ್ಯ) ಹಾಕಿ, ಪೆನ್‌ಡ್ರೈವಿಗೆ ಬರೆಯುವಂತೆ ಜಾಗ ತೋರಿಸಿ. ರೆಕಾರ್ಡಿಂಗ್‌ಗಳಲ್ಲಿ ಆಯಿಗೆ ಬೇಕಾದವನ್ನು ಮಾತ್ರ ಆರಿಸಿ ಉಳಿಸಿ. ಮತ್ತೆ ಪ್ರಸಾರವಾಗುವುದನ್ನೆಲ್ಲ ಕಾಪಿ ಮಾಡುತ್ತ ಕೂರುವುದು ನನಗೆ ಸರಿಕಾಣದು. ಬೇಕಾದವುಗಳಿಗೆ ‘ಆಟೋ ಎಕ್ಸ್‌ಪೈರ್’ ತೆಗೆದುಬಿಡಿ. ಇಲ್ಲದಿದ್ದರೆ ಡಿಸ್ಕ್ ತುಂಬಿದಾಗ ಮಿಥ್‌ಟಿವಿ ತಾನೇ ಜಾಗ ಮಾಡಿಕೊಳ್ಳಲು ಹಳೆಯದನ್ನು ಅಳಿಸುತ್ತದೆ. ಕಂಪ್ಯೂಟರಿಗೆ ಒಂದು ಸಣ್ಣ ಯುಪಿಎಸ್ ಇರಲಿ, ಏಕೆಂದರೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಡೇಟಾಬೇಸಿನ ಕೋಷ್ಟಕಗಳು ಕೆಡಬಹುದು. ಹಳೆಯ ಎಸ್‌ಎಸ್‌ಡಿಯನ್ನು ಸದ್ಯಕ್ಕೆ ಅಳಿಸಬೇಡಿ, ಒಂದು ತಿಂಗಳು ಕಪಾಟಿನಲ್ಲಿ ಬಿದ್ದಿರಲಿ.