ಅರವತ್ತರ ಮೇಲೆ 5 ಕಿ.ಮೀ. ರೇಸ್: ಮಂಡಿಗಿಂತ ಮೀನಖಂಡದ ಚಿಂತೆ ಜಾಸ್ತಿ ಇರಲಿ

ಪ್ರಶ್ನೆ (ಮೈಸೂರು, 63 ವರ್ಷ, ನಿವೃತ್ತ ಬ್ಯಾಂಕ್ ನೌಕರ):
ನಮಸ್ಕಾರ ಡಾಕ್ಟ್ರೇ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಮಾಡುತ್ತಿದ್ದವನು ಮಗಳ ಒತ್ತಾಯಕ್ಕೆ ಒಂದು 5 ಕಿ.ಮೀ. ಓಟಕ್ಕೆ ಹೋದೆ. ಈಗ ಅದೇ ಹುಚ್ಚು. 38 ನಿಮಿಷ ಆಗುತ್ತದೆ. ಪದಕದ ಆಸೆ ಇಲ್ಲ, ಆದರೆ ಮುಂದೆ ಇರುವವರನ್ನು ಹಿಂದೆ ಹಾಕುವ ಖುಷಿ ಬೇಕು. ಮನೆಯವರು "ಮಂಡಿ ಸವೆಯುತ್ತದೆ" ಅನ್ನುತ್ತಾರೆ. ಗೆಳೆಯರು "5 ಕಿ.ಮೀ. ಒಂದು ಓಟವಾ, ಹಾಫ್ ಮ್ಯಾರಥಾನ್ ಮಾಡಿ" ಅನ್ನುತ್ತಾರೆ. ಬಿಪಿಗೆ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತೇನೆ. ಎಷ್ಟು ಜೋರಾಗಿ ಓಡಿದರೂ ವಾಚಿನಲ್ಲಿ ಹೃದಯ ಬಡಿತ 125 ದಾಟುವುದಿಲ್ಲ. ಇನ್ನೊಂದು, ಕೊನೆಯ 200 ಮೀಟರ್ ಜೋರು ಮಾಡಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ಏನು ಮಾಡಲಿ?

ಉತ್ತರ (ಕ್ರೀಡಾ ಫಿಸಿಯೊಥೆರಪಿಸ್ಟ್):
ಮೊದಲಿಗೆ, ನಾನು ಡಾಕ್ಟರ್ ಅಲ್ಲ, ಫಿಸಿಯೊ. ಮಾತ್ರೆ ವಿಷಯದಲ್ಲಿ ಕೊನೆಯ ಮಾತು ನಿಮ್ಮ ವೈದ್ಯರದ್ದೇ.

ಮಂಡಿ ಬಗ್ಗೆ ಬೇಗ ಮುಗಿಸುತ್ತೇನೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದರು. ಖುಷಿಗೆ ಓಡುವವರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ದೊಡ್ಡ ಮಟ್ಟದಲ್ಲಿ ಸ್ಪರ್ಧಿಸುವವರಲ್ಲಿ ಶೇ. 13.3. ಮಂಡಿ ನೋವಿದ್ದವರು ಓಟವನ್ನೇ ಬಿಟ್ಟಿರಬಹುದು, ಹಾಗಾಗಿ ಆ 3.5 ನಿಜಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೂ ನಿಮ್ಮಷ್ಟು ಓಡುವುದರಿಂದ ಮಂಡಿ ಸವೆಯುತ್ತದೆ ಅನ್ನಲು ಆಧಾರವಿಲ್ಲ. ಈಗಾಗಲೇ ಊತ ಬರುವ ಮಂಡಿ ಇದ್ದರೆ ಮಾತ್ರ ಬೇರೆ ವಿಷಯ.

ಹಾಫ್ ಮ್ಯಾರಥಾನ್ ಮಾಡಲೇಬೇಕಾ? ಬೇಡ. 21 ಕಿ.ಮೀ.ಗೆ ತಿಂಗಳುಗಟ್ಟಲೆ ತಯಾರಿ ಬೇಕು, ಓಡಿದ ಮೇಲೂ ಕಾಲು ವಾರಗಟ್ಟಲೆ ಭಾರ ಇರುತ್ತದೆ. 5 ಕಿ.ಮೀ. ಓಡಿ ಬಂದು ಅವತ್ತೇ ಮಧ್ಯಾಹ್ನ ಮದುವೆ ಊಟಕ್ಕೆ ಹೋಗಬಹುದು. ನಿಮಗೆ ಬೇಕಿರುವುದು ಜನರನ್ನು ಹಿಂದೆ ಹಾಕುವ ಖುಷಿ ಅಂತ ನೀವೇ ಬರೆದಿದ್ದೀರಿ. ಅದು ಚಿಕ್ಕ ಓಟದಲ್ಲೇ ಜಾಸ್ತಿ ಸಿಗುತ್ತದೆ.

ಆದರೆ ಚಿಕ್ಕ ಓಟ ಅಂದರೆ ಸುಲಭದ ಓಟ ಅಂದುಕೊಳ್ಳಬೇಡಿ. ದೂರ ಕಡಿಮೆ ಆದಷ್ಟೂ ವೇಗ ಹೆಚ್ಚುತ್ತದೆ. ಆ ವೇಗದ ಲೆಕ್ಕ ತೀರಿಸುವುದು ಮೀನಖಂಡ. ಓಡುವಾಗ ಅದರ ಒಳಗಿನ ಸೋಲಿಯಸ್ ಸ್ನಾಯುವಿನ ಮೇಲೆ ಮೈತೂಕದ ಆರೇಳು ಪಟ್ಟು ಭಾರ ಬೀಳುತ್ತದೆ. ವಯಸ್ಸಾದಂತೆ ಮೊದಲು ಶಕ್ತಿ ಕಳೆದುಕೊಳ್ಳುವ ಜಾಗಗಳಲ್ಲಿ ಇದೂ ಒಂದು. ಹಿರಿಯರ ಓಟವನ್ನು ಗಮನಿಸಿ ನೋಡಿ. ಹೆಜ್ಜೆಗಳು ಬೇಗಬೇಗ ಬೀಳುತ್ತಿರುತ್ತವೆ, ಉದ್ದ ಮಾತ್ರ ಗಿಡ್ಡ. ಹಿಂದಿನಿಂದ ನೆಲವನ್ನು ಒದೆಯುವ ಬಲ ಇಳಿದಿರುತ್ತದೆ. ಅಂಥ ಕಾಲಿಗೆ ಕೊನೆಯ 200 ಮೀಟರಿನಲ್ಲಿ ಏಕಾಏಕಿ ಉದ್ದ ಹೆಜ್ಜೆ ಹಾಕು ಅಂದರೆ ಹಿಡಿದುಕೊಳ್ಳದೆ ಇನ್ನೇನು ಮಾಡುತ್ತದೆ!

ಮಾಡಬೇಕಾದದ್ದು ಇಷ್ಟು. ಗೋಡೆ ಹಿಡಿದು, ಎರಡೂ ಕಾಲಿನ ಹಿಮ್ಮಡಿ ಎತ್ತಿ ನಿಧಾನವಾಗಿ ಇಳಿಸಿ. 15 ಸಲದಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಅರ್ಧದಷ್ಟು ಸಲ ಮಂಡಿ ನೆಟ್ಟಗಿಟ್ಟು, ಉಳಿದರ್ಧ ಸಲ ಮಂಡಿ ಸ್ವಲ್ಪ ಮಡಚಿ ಮಾಡಿ. ಮಡಚಿದಾಗಲೇ ಸೋಲಿಯಸ್‌ಗೆ ಸರಿಯಾಗಿ ಕೆಲಸ ಬೀಳುವುದು. ಇದು ಸಲೀಸಾದ ಮೇಲೆ ಒಂಟಿ ಕಾಲಿನಲ್ಲಿ ಮಾಡಿ. ಒಂದೇ ಕಾಲಿನಲ್ಲಿ, ನಡುವೆ ಬಿಡುವು ಕೊಡದೆ, ಇಪ್ಪತ್ತು ಸಲ ಹಿಮ್ಮಡಿ ಎತ್ತಲು ಬಂದರೆ ಕೊನೆಯ 200 ಮೀಟರ್ ಬಗ್ಗೆ ಮಾತಾಡೋಣ. ಓಡದೆ ಇದ್ದಾಗಲೂ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ವ್ಯಾಯಾಮ ಬೇಡ. ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ವೈದ್ಯರಿಗೆ ತೋರಿಸಿ.

ಇನ್ನು ವಾಚು. ಅದು ಕೆಟ್ಟಿಲ್ಲ. 220ರಲ್ಲಿ ವಯಸ್ಸು ಕಳೆಯುವ ಹಳೆ ಸೂತ್ರದಲ್ಲಿ ನಿಮ್ಮ ಗರಿಷ್ಠ ಬಡಿತ 157. ಹೊಸ ಸೂತ್ರದಲ್ಲಿ, ಅಂದರೆ 208ರಿಂದ ವಯಸ್ಸಿನ ಶೇ. 70 ಕಳೆದರೆ, 164. ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಬಡಿತವನ್ನೇ ತಗ್ಗಿಸುವುದರಿಂದ ಎರಡೂ ನಿಮಗೆ ಹೊಂದುವುದಿಲ್ಲ. ವಾಚು ತೋರಿಸುವ ಜೋನ್ (ಇಷ್ಟರಿಂದ ಇಷ್ಟು ಬಡಿತ ಅನ್ನುವ ಗುರಿ) ತಲುಪಬೇಕು ಅಂತ ಮೈ ಹಿಂಡಿಕೊಳ್ಳಬೇಡಿ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆದರೆ ಅದು ಆರಾಮದ ಓಟ. ಮೂರು ನಾಲ್ಕು ಪದಕ್ಕೇ ಉಸಿರು ಬೇಕಾದರೆ ರೇಸಿನ ವೇಗ. ವಾರದ ಓಟದಲ್ಲಿ ಬಹುಪಾಲು ಆರಾಮದ್ದೇ ಇರಲಿ. ರೇಸ್ ದಿನ ಮಾತ್ರೆ ಬಿಡುವ ಬುದ್ಧಿವಂತಿಕೆ ಮಾತ್ರ ಬೇಡ. ಥಟ್ಟನೆ ನಿಲ್ಲಿಸಿದರೆ ಅಪಾಯ. ವೈದ್ಯರು ಹೇಳಿದರೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿ. ರಿಪೋರ್ಟ್ ನಾರ್ಮಲ್ ಬಂದಿದ್ದರೂ, ಓಡುವಾಗ ಎದೆ ಬಿಗಿದರೆ ಅಲ್ಲೇ ನಿಂತು ಸಹಾಯ ಕೇಳಿ.

ಪ್ರಶ್ನೆ (ಧಾರವಾಡ, 57 ವರ್ಷ, ಗೃಹಿಣಿ):
ಮೇಡಂ, ನಾನು ಯಾವಾಗಲೂ ಕೊನೆಯಲ್ಲಿ ಮುಗಿಸುವವಳು. ನಡುನಡುವೆ ನಡೆಯುತ್ತೇನೆ. ಆಂಬುಲೆನ್ಸ್ ಹಿಂದೆಯೇ ಬರುತ್ತಿರುತ್ತದೆ, ನಾಚಿಕೆ ಆಗುತ್ತದೆ.

ಉತ್ತರ:
ಆಂಬುಲೆನ್ಸ್ ಹತ್ತಿರ ಇರುವುದು ಒಳ್ಳೆಯದೇ ಅಲ್ವಾ! ನಡುವೆ ನಡೆಯುವುದು ಮೋಸ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೊವೆ ಓಡು-ನಡೆ-ಓಡು ಪದ್ಧತಿಯನ್ನೇ ಜನರಿಗೆ ಕಲಿಸಿದರು. ಗುಟ್ಟು ಏನೆಂದರೆ ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. ಎರಡು ನಿಮಿಷ ಓಡಿ, ಅರ್ಧ ನಿಮಿಷ ನಡೆಯಿರಿ, ಮೊದಲ ಕಿಲೋಮೀಟರಿನಿಂದಲೇ.

ಹೋಲಿಕೆ ಬೇಕೇ ಬೇಕು ಅಂದರೆ ನಿಮ್ಮ ವಯಸ್ಸಿನವರ ಜೊತೆ ಮಾಡಿಕೊಳ್ಳಿ. ಮಾಸ್ಟರ್ಸ್ ಅಥ್ಲೆಟಿಕ್ಸ್‌ನಲ್ಲಿ 35ರಿಂದ ಶುರುವಾಗಿ ಐದೈದು ವರ್ಷಕ್ಕೊಂದು ವರ್ಗ. ಪಟಿಯಾಲಾದ ಮಾನ್ ಕೌರ್ 93ನೇ ವಯಸ್ಸಿಗೆ ಓಟ ಶುರು ಮಾಡಿದವರು. 2017ರಲ್ಲಿ ಆಕ್ಲೆಂಡಿನ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ, 101ರ ವಯಸ್ಸಿನಲ್ಲಿ, 100 ಮೀಟರನ್ನು 74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಆ ವರ್ಗದಲ್ಲಿ ಅವರೊಬ್ಬರೇ ಇದ್ದರು, ಆದರೂ ಓಡಿದರು! ನೀವು ಬೆಂಗಳೂರಿಗೆ ಬರುವಂತಿದ್ದರೆ ಟಿಸಿಎಸ್ ವರ್ಲ್ಡ್ 10ಕೆ ದಿನ ಮಜಾ ರನ್ ಅಂತಲೇ ಒಂದು ಓಟ ಇರುತ್ತದೆ. ಅಲ್ಲಿ ಕೊನೆ ಯಾರು ಅಂತ ಯಾರೂ ನೋಡುವುದಿಲ್ಲ.

ಪ್ರಶ್ನೆ (ಮಂಗಳೂರು, 60):
ಶುಗರ್ ಇದೆ, ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಬೆಳಿಗ್ಗೆ 6ಕ್ಕೆ ಓಟ. ಖಾಲಿ ಹೊಟ್ಟೆಯಲ್ಲಿ ಓಡಬಹುದಾ? ಮೊದಲೇ ಒಂದು ನೋವಿನ ಮಾತ್ರೆ ಹಾಕಿಕೊಂಡರೆ?

ಉತ್ತರ:
ಎರಡೂ ಬೇಡ. ಗ್ಲಿಮೆಪಿರೈಡ್ ಇರುವವರಿಗೆ ಓಡುವಾಗ ಶುಗರ್ ತೀರಾ ಇಳಿಯಬಹುದು. ಹೊರಡುವ ಮುಂಚೆ ಶುಗರ್ ನೋಡಿಕೊಳ್ಳಿ, ಬಾಳೆಹಣ್ಣೋ ಎರಡು ಬ್ರೆಡ್ಡೋ ತಿನ್ನಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಆ ದಿನದ ಮಾತ್ರೆಯ ಹೊತ್ತು, ಪ್ರಮಾಣವನ್ನು ವೈದ್ಯರನ್ನು ಮೊದಲೇ ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ನುಂಗಿ ಮಂಗಳೂರಿನ ಸೆಖೆಯಲ್ಲಿ ಬೆವರುತ್ತಾ ಓಡಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ಮಾತ್ರೆ ಇಲ್ಲದೆ ಓಡಲಾಗದಷ್ಟು ನೋವಿದ್ದರೆ ಆ ರೇಸ್ ಬಿಟ್ಟುಬಿಡಿ.

ಮೈಸೂರಿನ ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್ ಮೇಡಂ. ಮುಂದಿನ ಓಟಕ್ಕೆ ಮೂರೇ ವಾರ ಇದೆ. ಹಿಮ್ಮಡಿ ವ್ಯಾಯಾಮ ಇವತ್ತೇ ಶುರು ಮಾಡಿದರೆ ಈ ಸಲ ಕೊನೆಯ ಸ್ಪ್ರಿಂಟ್ ಹೊಡೆಯಬಹುದಾ?

ಉತ್ತರ:
ಶುರು ಮಾಡಿ, ಸ್ಪ್ರಿಂಟ್ ಬೇಡ. ಮೀನಖಂಡ ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು. ಈ ಸಲ ಜನರನ್ನು ಹಿಂದೆ ಹಾಕುವ ಕೆಲಸವನ್ನು ನಾಲ್ಕನೇ ಕಿಲೋಮೀಟರಿನಲ್ಲಿ ಮಾಡಿ. ಮೊದಲ ಕಿಲೋಮೀಟರ್ ಜೋರಾಗಿ ಹೋದವರೆಲ್ಲ ಅಲ್ಲಿ ಸುಸ್ತಾಗಿ ಸಿಗುತ್ತಾರೆ. ಅದಕ್ಕೆ ನೀವು ಮೊದಲ ಕಿಲೋಮೀಟರನ್ನು ಎಂಟು ನಿಮಿಷಕ್ಕಿಂತ ಬೇಗ ಮುಗಿಸಬಾರದು. ಶುರುವಿಗೆ ಮುಂಚೆ ಹತ್ತು ನಿಮಿಷ ಚುರುಕಾಗಿ ನಡೆದು, ನಾಲ್ಕು ಸಲ ಸ್ವಲ್ಪ ಸ್ವಲ್ಪ ದೂರ ಹಗುರವಾಗಿ ಓಡಿ ಮೈ ಬಿಸಿ ಮಾಡಿಕೊಳ್ಳಿ. ರೇಸಿನ ಹಿಂದಿನ ಎರಡು ದಿನ ಹಿಮ್ಮಡಿ ವ್ಯಾಯಾಮಕ್ಕೆ ರಜೆ.