ಸ್ಲಬ್ ಅಂದ್ರೆ ಡ್ಯಾಮೇಜಾ? ಗಿರಾಕಿಗೆ ಏನಂತ ಹೇಳಲಿ?

ಹೊಲಿಗೆ ಅಕ್ಕ, ದಾವಣಗೆರೆ

ವಿನೋಬನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಹೋದ ವಾರ ಒಬ್ಬರಿಗೆ ಕುರ್ತಾ ಹೊಲಿದೆ. ಬಟ್ಟೆ ಅವರೇ ಆನ್‌ಲೈನ್‌ನಲ್ಲಿ ತರಿಸಿದ್ದು. ಎರಡೂವರೆ ಮೀಟರ್, ಸಾಸಿವೆ ಬಣ್ಣ. ಚೀಟಿ ಮೇಲೆ ‘ಸ್ಲಬ್ ಕಾಟನ್’ ಅಂತ ಇತ್ತು. ಏನೋ ಕಂಪನಿ ಹೆಸರಿರಬೇಕು ಅಂತ ನಾನೂ ತಲೆ ಕೆಡಿಸಿಕೊಳ್ಳಲಿಲ್ಲ.

ಕೊಟ್ಟ ದಿನ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದರು. ಹೊಟ್ಟೆ ಮೇಲೆ, ತೋಳಿನ ಮೇಲೆ ಅಲ್ಲಲ್ಲಿ ಅಡ್ಡಡ್ಡ ದಪ್ಪ ಎಳೆ. ಕೆಲವು ಅರ್ಧ ಇಂಚು, ಕೆಲವು ಎರಡು ಇಂಚು. “ನಿಮ್ಮ ಸೂಜಿ ಸಿಕ್ಕಿಸಿ ಎಳೆ ಎಳೆದಿದ್ದೀರಿ” ಅಂದುಬಿಟ್ಟರು. ಹೊಲಿಗೆ ದುಡ್ಡೂ ಕೊಡಲಿಲ್ಲ, ಕುರ್ತಾನೂ ಒಯ್ಯಲಿಲ್ಲ.

ಇದು ಡ್ಯಾಮೇಜಾ, ಅಥವಾ ಬಟ್ಟೆಯೇ ಹೀಗಾ? ಸ್ಲಬ್‌ಗೆ ಕನ್ನಡದಲ್ಲಿ ಏನಂತಾರೆ? ಅವರಿಗೆ ಒಂದೇ ಮಾತಿನಲ್ಲಿ ತಿಳಿಯೋ ಹಾಗೆ ಹೇಳಬೇಕು.

ಸೀರೆ ಹುಚ್ಚಿ

ರಾ ಸಿಲ್ಕ್‌ನಲ್ಲಿ ಇರುತ್ತಲ್ಲ, ಅದೇ ಅಕ್ಕ. ಈಗ ಫ್ಯಾಶನ್ನು. ಗಂಟುನೂಲು ಅನ್ನಿ, ಮುಗೀತು.

ಹಳೇ ಮಿಲ್ಲಿನವನು

ಗಂಟುನೂಲು ಅಂತ ಮಾತ್ರ ಹೇಳಬೇಡಿ ತಾಯಿ. ಗಂಟು ಬೇರೆ, ಸ್ಲಬ್ಬು ಬೇರೆ. ಎರಡನ್ನೂ ಬೆರಳಲ್ಲಿ ಹಿಡಿದು ಇಪ್ಪತ್ತೆರಡು ವರ್ಷ ಅನ್ನ ತಿಂದವನು ನಾನು.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಇಲ್ಲಿನ ಒಂದು ಮಿಲ್ಲಿನಲ್ಲಿ ವೈಂಡಿಂಗ್ ಖಾತೆಗೆ ಸೇರಿದೆ. ನೂಲು ತೆಗೆಯುವ ಯಂತ್ರ ರಿಂಗ್ ಫ್ರೇಮು, ಅದರಿಂದ ಬಂದ ಸಣ್ಣ ಬಾಬಿನ್ ನೂಲನ್ನು ದೊಡ್ಡ ಕೋನಿಗೆ ಸುತ್ತುವುದು ನಮ್ಮ ಕೆಲಸ. ದಾರಿಯಲ್ಲಿ ಸ್ಲಬ್ ಕ್ಯಾಚರ್ ಅಂತ ಒಂದಿತ್ತು. ಹೆಸರು ದೊಡ್ಡದು, ಇದ್ದದ್ದು ಒಂದು ಸಣ್ಣ ಸೀಳು. ಅದರೊಳಗೆ ನೂಲು ಹಾದು ಹೋಗಬೇಕು. ದಪ್ಪ ಎಳೆ ಬಂತೋ, ಅಲ್ಲೇ ಸಿಕ್ಕಿ ಪಟ್ ಅಂತ ಹರಿಯುತ್ತಿತ್ತು. ನಾವು ಓಡಿ ಹೋಗಿ ಆ ದಪ್ಪ ತುಂಡನ್ನು ಕಿತ್ತು ಎಸೆದು, ಎರಡು ತುದಿ ಸೇರಿಸಿ ಗಂಟು ಹಾಕಬೇಕು. ಸ್ಲಬ್ ತೆಗೆದ ಜಾಗದಲ್ಲಿ ಬರುವುದು ಗಂಟು. ಎರಡಕ್ಕೂ ಒಂದೇ ಹೆಸರಿಟ್ಟರೆ ಹೇಗೆ?

ಇನ್ನು ನೆಪ್ ಅಂತ ಮೂರನೆಯದಿದೆ. ಬಲಿಯದ ಹತ್ತಿ ಎಳೆಗಳು ಸಿಕ್ಕು ಸಿಕ್ಕಾಗಿ ಆದ ಪುಟ್ಟ ಉಂಡೆ, ರಾಗಿ ಕಾಳಿಗಿಂತ ಚಿಕ್ಕದು. ಸ್ಲಬ್ ಉಂಡೆಯಲ್ಲ. ನೂಲೇ ಮೈ ತುಂಬಿಕೊಂಡು ಮತ್ತೆ ಸಣ್ಣಗಾಗುವುದು. ಇಲಿ ನುಂಗಿದ ಹಾವಿನ ಥರ.

ನಮ್ಮ ಕಾಲಕ್ಕೆ ಅದು ಅಪ್ಪಟ ತಪ್ಪು. ಮೇಲಿಂದ ಹತ್ತಿ ಧೂಳು ಉದುರಿ ನೂಲಿಗೆ ಸುತ್ತಿಕೊಂಡರೆ ಸ್ಲಬ್ಬು. ಹರಿದ ನೂಲನ್ನು ಫ್ರೇಮಿನಲ್ಲಿ ಸರಿಯಾಗಿ ಹಚ್ಚದಿದ್ದರೆ ಸ್ಲಬ್ಬು. ಕರಿ ಹಲಗೆಗೆ ನೂಲು ಸುತ್ತಿ ನೋಡುತ್ತಿದ್ದರು. ಬಿಳಿ ಎಳೆ ಎಲ್ಲಿ ಊದಿದೆ ಅಂತ ಕರಿ ಮೇಲೆ ಎದ್ದು ಕಾಣುತ್ತಿತ್ತು. ಆಮೇಲೆ ಮೇಸ್ತ್ರಿಯಿಂದ ಮಂಗಳಾರತಿ. ಮೊನ್ನೆ ಮೊಮ್ಮಗ ‘ಸ್ಲಬ್ ಟೀ ಶರ್ಟ್’ ಅಂತ ಜಾಸ್ತಿ ದುಡ್ಡು ಕೊಟ್ಟು ತಂದ. ನಾನು ಕಿತ್ತೆಸೆದದ್ದೆಲ್ಲ ಕೂಡಿಟ್ಟಿದ್ದರೆ ಇವತ್ತು ಸಾಹುಕಾರ ಆಗಿರುತ್ತಿದ್ದೆ.

ಹೊಲಿದು ಉಳಿದ ಚೂರು ಇರಬೇಕಲ್ಲ? ಒಂದು ದಪ್ಪ ಎಳೆ ಬಿಡಿಸಿ ತೆಗೆಯಿರಿ. ದಪ್ಪ ಇರುವಲ್ಲಿ ಬೆರಳಲ್ಲಿ ತಿರುವಿದರೆ ಹತ್ತಿಯಂತೆ ಮೆತ್ತಗೆ ಬಿಚ್ಚಿಕೊಂಡರೆ ಅದು ನೂಲಿನದೇ ಗುಣ. ಸೂಜಿ ಎಳೆದದ್ದಾದರೆ ನೂಲು ಎಲ್ಲ ಕಡೆ ಒಂದೇ ದಪ್ಪ ಇರುತ್ತದೆ. ಬಟ್ಟೆ ಮಾತ್ರ ಅಲ್ಲಿ ಸುಕ್ಕುಗಟ್ಟಿ, ಎಳೆ ಕುಣಿಕೆಯಾಗಿ ಎದ್ದಿರುತ್ತದೆ.

ಟೆಕ್ಸ್‌ಟೈಲ್ ಓದಿದವನು

ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಈಗ ಅದನ್ನು ಬೇಕಂತಲೇ ಮಾಡುತ್ತಾರೆ. ರಿಂಗ್ ಫ್ರೇಮಿನಲ್ಲಿ ಹತ್ತಿಯನ್ನು ಎಳೆದು ಸಣ್ಣ ಮಾಡುವ ರೋಲರ್ ಜೋಡಿಗಳಿರುತ್ತವೆ. ಮುಂದಿನ ರೋಲರ್ ಒಂದೇ ವೇಗದಲ್ಲಿ ಓಡುತ್ತಿರುತ್ತದೆ. ಹಿಂದಿನ ರೋಲರ್‌ಗಳಿಗೆ ಬೇರೆ ಮೋಟರ್ ಇಟ್ಟು, ನಡುನಡುವೆ ಕ್ಷಣ ಹೊತ್ತು ಜೋರಾಗಿ ಓಡಿಸುತ್ತಾರೆ. ಆಗ ಹತ್ತಿ ಹೆಚ್ಚು ಒಳಗೆ ಬರುತ್ತದೆ, ಎಳೆತ ಕಡಿಮೆಯಾಗುತ್ತದೆ, ಅಷ್ಟು ದೂರ ನೂಲು ದಪ್ಪ. ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ಅಂತರ ಅಂತ ಮೊದಲೇ ಹಾಕಿಕೊಡುತ್ತಾರೆ. ಅಂತರ ಒಂದೇ ಸಮ ಇಟ್ಟರೆ ಬಟ್ಟೆಯಲ್ಲಿ ಪಟ್ಟೆ ಬೀಳುತ್ತದೆ. ಅದಕ್ಕೇ ಹೆಚ್ಚುಕಡಿಮೆ ಮಾಡುತ್ತಿರುತ್ತಾರೆ.

ನೂಲಿನ ಹುರಿ ಸಣ್ಣ ಜಾಗದಲ್ಲೇ ಜಾಸ್ತಿ ಸೇರುತ್ತದೆ, ದಪ್ಪ ಜಾಗ ಸಡಿಲ ಉಳಿಯುತ್ತದೆ. ಬೆರಳಲ್ಲಿ ಬಿಚ್ಚಿಕೊಳ್ಳುವುದು ಅದಕ್ಕೇ. ತಿಕ್ಕಿ ಒಗೆದರೆ ಜುಂಗು ಏಳುವುದೂ ಮೊದಲು ಅಲ್ಲೇ. ಬ್ರಷ್ ಹಾಕಬೇಡಿ ಅಂತ ಗಿರಾಕಿಗೆ ಹೇಳಿ. ಅಡ್ಡ ಗೆರೆ ಕಂಡಿದೆ ಅಂದರೆ ಸ್ಲಬ್ ನೂಲು ಬರೀ ಹೊಕ್ಕಿನಲ್ಲಿದೆ, ಅಂದರೆ ನೇಯ್ಗೆಯ ಅಡ್ಡ ನೂಲಿನಲ್ಲಿ. ಜೀನ್ಸ್‌ನಲ್ಲಿ ಅದನ್ನು ಹಾಸಿನಲ್ಲಿ, ಅಂದರೆ ಉದ್ದ ನೂಲಿನಲ್ಲಿ ಹಾಕಿದಾಗ ಗೆರೆ ಉದ್ದಕ್ಕೆ ಬರುತ್ತದೆ.

ಮೊಳಕಾಲ್ಮೂರು ಮಗ್ಗ

ರಾ ಸಿಲ್ಕ್ ಅಂದವರಿಗೆ: ಅಲ್ಲಿ ಕಥೆ ಬೇರೆ. ಅಂಗಡಿಯವರು ರಾ ಸಿಲ್ಕ್ ಅಂತ ಕೊಡೋ ಗಂಟುಗಂಟಿನ ಬಟ್ಟೆ ಬಹಳ ಸಲ ಡ್ಯೂಪಿಯನ್. ಎರಡು ಹುಳ ಸೇರಿ ಒಂದೇ ಗೂಡು ಕಟ್ಟಿರುತ್ತವೆ. ಎರಡರ ಎಳೆಯೂ ಹೆಣೆದುಕೊಂಡಿರುವುದರಿಂದ ಬಿಚ್ಚುವಾಗ ಸಮ ಬರೋದಿಲ್ಲ. ಯಾರೂ ಮೋಟರ್ ಇಟ್ಟು ಮಾಡಿದ್ದಲ್ಲ, ಹುಳಗಳ ಜಂಟಿ ಸಂಸಾರ.

ನಮ್ಮ ಸೀರೆಯ ಹಾಸಿನಲ್ಲಿ ಅಂಥ ನೂಲು ಬಂದರೆ ಆವತ್ತು ಕೆಲಸ ಕೆಟ್ಟಿತು. ಮಗ್ಗದಲ್ಲಿ ಬಾಚಣಿಗೆಯಂಥ ಅಚ್ಚು ಇರುತ್ತಲ್ಲ, ಅದರ ಹಲ್ಲಲ್ಲಿ ತಿಕ್ಕಿ ತಿಕ್ಕಿ ಹರಿಯುತ್ತದೆ. ನಾವು ‘ದಪ್ಪ ಎಳೆ ಬಂತು’ ಅಂತೀವಿ ಅಷ್ಟೇ, ಬೇರೆ ಹೆಸರಿಲ್ಲ. ಅಕ್ಕಾರೆ, ನಿಮ್ಮ ಗಿರಾಕಿ ಚಳ್ಳಕೆರೆ ಕಂಬಳಿ ನೋಡಿದ್ದಾರಾ ಕೇಳಿ. ಕೈಯಲ್ಲಿ ನೂತ ಉಣ್ಣೆ, ಒಂದು ಕಡೆ ದಪ್ಪ ಒಂದು ಕಡೆ ಸಣ್ಣ. ಅದನ್ನು ಡ್ಯಾಮೇಜ್ ಅಂತ ಯಾರು ವಾಪಸ್ ಕೊಟ್ಟಿದ್ದಾರೆ?

ಹೊಲಿಗೆ ಅಕ್ಕ, ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅವರನ್ನು ಕರೆಸಿದೆ. ಹೊಲಿಯದ ಚೂರಿನಲ್ಲೂ ಅದೇ ದಪ್ಪ ಎಳೆ ಇರೋದು ಮೊದಲು ತೋರಿಸಿದೆ. ಆಮೇಲೆ ಅವರ ಕೈಯಲ್ಲೇ ಒಂದು ಎಳೆ ಬಿಡಿಸಿದೆ. ದಪ್ಪ ಜಾಗ ತಿರುವಿದ ಕೂಡಲೇ ಬತ್ತಿ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ಕಂಬಳಿ ಮಾತು ಎತ್ತಿದ್ದೇ ತಡ, “ನಮ್ಮ ಅತ್ತೆ ಹತ್ರ ಇದೆ, ಚುಚ್ಚುತ್ತೆ” ಅಂದರು. ಇದು ಚುಚ್ಚಲ್ಲ ಅಂದೆ.

ಹೆಸರು ‘ದಪ್ಪ ಎಳೆ ಬಟ್ಟೆ’ ಅಂತಲೇ ಇಟ್ಟುಕೊಂಡೆ. ಕುರ್ತಾ ಒಯ್ದರು. ಹೊಟ್ಟೆ ಮೇಲೆ ಅಡ್ಡ ಗೆರೆ ಬಂದರೆ ದಪ್ಪ ಕಾಣ್ತೀನಿ ಅಂತ ಹೊಲಿಗೆಯಲ್ಲಿ ಐವತ್ತು ರೂಪಾಯಿ ಹಿಡಿದರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಹಳೇ ಮಿಲ್ಲಿನವನು

ಐವತ್ತೇ ತಾನೇ. ನಮಗೆ ಆಗ ದಿನದ ಕೂಲಿಯೇ ಹಿಡಿಯುತ್ತಿದ್ದರು.