ಕಿಟೆಲ್ ನಿಘಂಟಿನ ಬೆನ್ನಿಗೆ ಹೊಸ ಚರ್ಮ, ಬಣ್ಣ ಹೊಂದುತ್ತಿಲ್ಲ

ಹಳೇ_ರಟ್ಟು:
ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1894ರಲ್ಲಿ ತಂದ ಕಿಟೆಲ್ ನಿಘಂಟು ತಾತನ ಕಾಲದಿಂದ ನಮ್ಮ ಮನೆಯಲ್ಲಿದೆ. ಬೆನ್ನಿನ ಚರ್ಮ ಹರಿದು ಮುಂದಿನ ರಟ್ಟು ಕೈಗೇ ಬಂತು. ಬೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ರೆಕ್ಸಿನ್ ಹಾಕಿಕೊಡ್ತೀನಿ ಅಂದರು, ಬೇಡ ಅಂತ ವಾಪಸ್ ತಂದೆ. ನಾನೇ ಬಣ್ಣ ಹಾಕದ ಆಡಿನ ಚರ್ಮ ತಂದು ಕಂದು ಡೈ ಹಚ್ಚಿದೆ. ಹಚ್ಚಿದಾಗ ಥೇಟ್ ಹಳೇದರ ಹಾಗೇ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಇಟ್ಟಿಗೆ ಬಣ್ಣ! ಮೇಲೆ ಬೂಟ್ ಪಾಲಿಶ್ ಹಚ್ಚಿದರೆ ಸರಿ ಹೋಗುತ್ತದಾ?

ಗಂಜಿ_ಬಟ್ಟಲು:
ಪಾಲಿಶ್ ಬೇಡ ಮಾರಾಯ್ರೇ, ಓದುವವರ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಒದ್ದೆ ಚರ್ಮ ಯಾವಾಗಲೂ ಕಪ್ಪಗೇ ಕಾಣೋದು, ಅದನ್ನು ನೋಡಿ ಮೋಸ ಹೋಗಿದ್ದೀರಿ ಅಷ್ಟೇ. ಅದೇ ಚರ್ಮದ ಚೂರುಗಳ ಮೇಲೆ ತೆಳು ಡೈ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಂದು ಕೋಟು ಹಚ್ಚಿ, ಟ್ಯೂಬ್‌ಲೈಟಲ್ಲಿ ಅಲ್ಲ, ಕಿಟಕಿ ಬೆಳಕಲ್ಲಿ ಹಿಡಿದು ನೋಡಿ. ಕೆಂಪು ಜಾಸ್ತಿ ಆದರೆ ಕಪ್ಪು ಸುರಿಯಬೇಡಿ, ಒಂದೆರಡು ಹನಿ ಹಸಿರು ಸಾಕು.

ಅಂದಹಾಗೆ ಹೊಂದಿಸುತ್ತಿರೋದು ಯಾವುದಕ್ಕೆ? ಬೆನ್ನು ಬೆಳಕು ತಿಂದು ಒಂದು ಬಣ್ಣ, ರಟ್ಟಿನ ಮೇಲಿನದು ಇನ್ನೊಂದು, ಒಳಗೆ ಮಡಚಿದ್ದು ಮತ್ತೊಂದು. ಹೊಸ ಚರ್ಮ ಹಳೇದಕ್ಕೆ ತಾಗುವ ಅಂಚಿನ ಬಣ್ಣ ಹಿಡಿಯಿರಿ.

ಹಳೇ_ರಟ್ಟು:
ಆ ಅಂಚು ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ ಬರುತ್ತಿದೆ. ಬಿಳಿ ಅಂಗಿಗೂ ಆಯ್ತು.

ತೊಗಲು_ನೂಲು:
ಹಾಗಾದರೆ ಡೈ ಡಬ್ಬ ಮುಚ್ಚಿಡಿ. ಅದು ರೆಡ್ ರಾಟ್, ಆ ಕಾಲದ ತೊಗಟೆ ಹದದ ಚರ್ಮಕ್ಕೆ ಮಾಮೂಲಿ. ಹೊಗೆ ಗಾಳಿಯಲ್ಲಿರುವ ಗಂಧಕದ ಅನಿಲ ಹೀರಿ ಚರ್ಮದೊಳಗೇ ಆಮ್ಲ ಆಗಿರುತ್ತದೆ, ಮೊದಲಿನ ಹಾಗೆ ಆಗಲ್ಲ. ನೀರಿನ ಅಂಟು ತಾಗಿದ ಕಡೆ ಕಪ್ಪಾಗಿ ಸೆಟೆದುಕೊಳ್ಳುತ್ತದೆ, ಆ ಕಲೆ ಹೋಗಲ್ಲ. ನಾನು ಒಂದು ಪುಸ್ತಕ ಹೀಗೇ ಕೆಡಿಸಿಕೊಂಡಿದ್ದೇನೆ.

ಮೊದಲು ಕ್ಲುಸೆಲ್ ಜಿ ಅನ್ನೋ, ಉದುರುವ ಚರ್ಮ ಹಿಡಿದಿಡುವ ಸೆಲ್ಯುಲೋಸ್ ಪುಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ 2% ಬರುವ ಹಾಗೆ ಕರಗಿಸಿ ಮೆತ್ತನೆ ಬ್ರಶ್‌ನಲ್ಲಿ ಹಚ್ಚಿ. ಪುಡಿ ಉದುರೋದು ನಿಲ್ಲುತ್ತದೆ, ಹಳೇ ಚರ್ಮ ಒಂಚೂರು ಕಪ್ಪಾಗುತ್ತದೆ. ಅದಕ್ಕೇ ಹೇಳಿದ್ದು, ಬಣ್ಣ ಹೊಂದಿಸೋದು ಇದಾದ ಮೇಲೆ. ಹೊಸ ಚರ್ಮ ಅಡಿಗೆ ತೂರಿಸೋಕೆ ರಟ್ಟಿನ ಮೇಲಿನ ಹಳೇ ಚರ್ಮ ಎಬ್ಬಿಸುವಾಗ ಬಿಸ್ಕೆಟ್ ಥರ ಮುರಿದರೆ ಹೊಸ ಚರ್ಮದ ಆಸೆ ಬಿಟ್ಟು, ತೆಳುವಾದರೂ ಗಟ್ಟಿಯಿರುವ ಜಪಾನಿ ಕಾಗದಕ್ಕೆ ಅಕ್ರಿಲಿಕ್ ಬಣ್ಣ ಕೊಟ್ಟು ಬೆನ್ನು-ರಟ್ಟಿನ ಸಂದಿಗೆ ಹಾಕಿ. ದೂರದಿಂದ ಗೊತ್ತೇ ಆಗಲ್ಲ.

ಹಳೇ_ರಟ್ಟು:
ಸರಿ ಸರ್. ಕೊನೇದೊಂದು, ಮೈದಾ ಅಂಟಿಗೆ ಹುಳ ಬರದ ಹಾಗೆ ಮೈಲುತುತ್ತ ಹಾಕಲಾ?

ಗಂಜಿ_ಬಟ್ಟಲು:
ಅಯ್ಯೋ ಬೇಡ. ಮೈಲುತುತ್ತದಲ್ಲಿರೋ ತಾಮ್ರವು ಕಾಗದ, ಚರ್ಮ ಎರಡನ್ನೂ ಬೇಗ ಹಾಳು ಮಾಡುತ್ತದೆ. ಅವತ್ತಿಗೆ ಬೇಕಾದಷ್ಟೇ ಅಂಟು ಕಾಯಿಸಿಕೊಳ್ಳಿ, ಉಳಿದದ್ದು ಚೆಲ್ಲಿ.